ಐದು ಜನ, ಒಂದು ಡೇಟಾಬೇಸ್, ಒಂದು ನಾಯಿ: ಹ್ಯೂರಿಸ್ಟ್ ಬಳಸಿ ಎರಡು ವರ್ಷ

ಆತಕೂರಿನ ಕಾಳಿಯನ್ನು ‘ವ್ಯಕ್ತಿ’ ಅಂತ ನಮೂದಿಸಬೇಕಾ ಬೇಡವಾ ಅಂತ ನಾವು ಐದು ಜನ ಎರಡು ವಾರ ಕಿತ್ತಾಡಿದ್ದೇವೆ. ಕಾಳಿ ಒಂದು ನಾಯಿ. ಕ್ರಿ.ಶ. 949-50ರ ಸುಮಾರಿಗೆ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಅದನ್ನು ಕೊಂದು, ತಾನೂ ಸತ್ತಿತು. ಅದರ ಒಡೆಯ ಮಣಲೆರ ಅದರ ನೆನಪಿಗೆ ಕಲ್ಲು ನಿಲ್ಲಿಸಿದ, ಭೂಮಿಯನ್ನೂ ಬಿಟ್ಟುಕೊಟ್ಟ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ನೋಡಿಲ್ಲದಿದ್ದರೆ ಒಮ್ಮೆ ಹೋಗಿ ನೋಡಿ. ಕಲ್ಲಿನ ನಡುವೆ ನಾಯಿಯೂ ಹಂದಿಯೂ ಇನ್ನೂ ಕಚ್ಚಾಡುತ್ತಲೇ ಇವೆ.

ವೀರಗಲ್ಲುಗಳ ಪಟ್ಟಿ ಮಾಡುವವರಿಗೆ ಇಂಥ ತಲೆನೋವು ಬಹಳ. ಇದು ಆ ತಲೆನೋವಿಗೆ ನಾವು ಹುಡುಕಿಕೊಂಡ ತಂತ್ರಾಂಶದ ವಿಮರ್ಶೆ. ಹೆಸರು ಹ್ಯೂರಿಸ್ಟ್. ಕನ್ನಡದಲ್ಲಿ ಇದರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಶಾಸನ, ಜಾನಪದ, ಹಸ್ತಪ್ರತಿ, ಸ್ಥಳನಾಮ ಅಂತ ನಾಲ್ಕಾರು ಜನ ಸೇರಿ ಕೆಲಸ ಮಾಡುವ ಗುಂಪುಗಳು ನಮ್ಮಲ್ಲಿ ಎಷ್ಟೋ ಇವೆ, ಅವರಲ್ಲಿ ಹೆಚ್ಚಿನವರು ಇನ್ನೂ ವಾಟ್ಸ್‌ಆಪ್‌ನಲ್ಲಿ ‘ಫೈನಲ್_ಹೊಸದು_3’ ಅಂತ ಫೈಲ್ ಕಳಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾವೂ ಅದನ್ನೇ ಮಾಡುತ್ತಿದ್ದೆವು.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ. ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಜೊತೆಗೆ ಒಬ್ಬರು ಇತಿಹಾಸದ ಮೇಷ್ಟ್ರು, ಒಬ್ಬ ಪಿಎಚ್‌ಡಿ ಹುಡುಗ, ಸಿಡ್ನಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಕಾಲೇಜು ಗೆಳತಿ, ಮತ್ತೆ ನಮ್ಮ ಬ್ಯಾಂಕ್ ಸರ್. ಬ್ಯಾಂಕ್ ಸರ್ ಅಂದರೆ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಶಾಸನದ ಹುಚ್ಚು ಹತ್ತಿಸಿಕೊಂಡವರು. ಮೂವತ್ತು ವರ್ಷ ಲೆಡ್ಜರ್ ನೋಡಿದ ಕಣ್ಣು. ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಒತ್ತಿ ಪಡೆಯುವ ಪ್ರತಿ) ತೆಗೆಯುವುದರಲ್ಲಿ ನಮ್ಮಲ್ಲಿ ಅವರದೇ ಎತ್ತಿದ ಕೈ. ಹಣಕಾಸಿನ ಬೆಂಬಲ ಅಂತ ಏನೂ ಇಲ್ಲ, ಪೆಟ್ರೋಲು, ಊಟ ಎಲ್ಲ ನಮ್ಮ ಜೇಬಿನದೇ. ನಾಲ್ಕೈದು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಗಲ್ಲುಗಳನ್ನು (ಸತಿ ಹೋದವರ ನೆನಪಿನ ಕಲ್ಲುಗಳನ್ನು) ಒಂದು ಕಡೆ ದಾಖಲಿಸಬೇಕು ಅನ್ನುವುದು ನಮ್ಮ ಆಸೆ.

ಮೊದಲ ವರ್ಷ ಎಲ್ಲವೂ ಒಂದೇ ಸ್ಪ್ರೆಡ್‌ಶೀಟ್. ಊರು, ತಾಲ್ಲೂಕು, ಕಾಲ, ರಾಜ, ವೀರನ ಹೆಸರು, ಹೇಗೆ ಸತ್ತ, ಫೋಟೋ ಲಿಂಕು. ಚೆನ್ನಾಗಿಯೇ ಇತ್ತು. ಒಂದು ಭಾನುವಾರ ನಮ್ಮಲ್ಲೊಬ್ಬರು (ಯಾರು ಅಂತ ಹೇಳಲ್ಲ, ನಾನೇ ಇರಬಹುದು) ಊರಿನ ಹೆಸರನ್ನು ಅಕಾರಾದಿಯಾಗಿ ಜೋಡಿಸೋಣ ಅಂತ ಹೋಗಿ ಆ ಒಂದು ಕಾಲಮ್ ಮಾತ್ರ ಸಾರ್ಟ್ ಮಾಡಿಬಿಟ್ಟರು. ಊರುಗಳು ಜಾಗ ಬದಲಿಸಿದವು, ವೀರರು ಇದ್ದಲ್ಲೇ ಉಳಿದರು. ಯಾರಿಗೂ ಗೊತ್ತಾಗಲಿಲ್ಲ. ಮೂರು ವಾರ ಆದಮೇಲೆ ಬ್ಯಾಂಕ್ ಸರ್ ಫೋನ್ ಮಾಡಿ, “ಅಲ್ಲಮ್ಮಾ, ನಾನೇ ಕೂತು ಪಡಿಯಚ್ಚು ತೆಗೆದ ಕಲ್ಲು, ಅದು ನಾನು ಹೋಗೇ ಇಲ್ಲದ ಊರಲ್ಲಿ ಹೇಗೆ ಕೂತಿದೆ?” ಅಂದರು. ಅಷ್ಟರಲ್ಲಿ ನಾಲ್ಕು ಜನ ಅದೇ ಶೀಟಿನಲ್ಲಿ ನೂರಾರು ತಿದ್ದುಪಡಿ ಮಾಡಿ ಮುಗಿಸಿದ್ದೆವು. ಹಳೆಯ ಪ್ರತಿ ತೆಗೆದು, ಒಂದೊಂದೇ ಸಾಲು ಹೋಲಿಸಿ ಸರಿಮಾಡಲು ದಸರಾ ರಜೆ ಪೂರ್ತಿ ಹೋಯಿತು.

ಆಮೇಲೆ ತಿಂಗಳ ಬಾಡಿಗೆಯ ಒಂದು ಸೇವೆ ನೋಡಿದೆವು. ಹೆಸರು ಬೇಡ. ನೋಡಲು ಬಹಳ ಚೆಂದ, ಬಣ್ಣಬಣ್ಣದ ಚೀಟಿ, ಬಳಸುವುದೂ ಸಲೀಸು. ಆದರೆ ಉಚಿತ ಮಟ್ಟದಲ್ಲಿ ಇಷ್ಟೇ ದಾಖಲೆ ಅಂತ ಮಿತಿ, ಅದು ದಾಟಿದರೆ ತಲೆಗೆ ಇಷ್ಟು ಡಾಲರ್. ಐದು ತಲೆ, ಹನ್ನೆರಡು ತಿಂಗಳು. ಬ್ಯಾಂಕ್ ಸರ್ ಲೆಕ್ಕ ಹಾಕಿ ನಕ್ಕುಬಿಟ್ಟರು. ದುಡ್ಡಿಗಿಂತ ದೊಡ್ಡ ಭಯ ಬೇರೆ. ಒಂದು ವರ್ಷ ಕಟ್ಟದಿದ್ದರೆ ನಮ್ಮ ಕಲ್ಲುಗಳ ಗತಿ ಏನು?

ಆಗ ಸಿಡ್ನಿಯ ಗೆಳತಿ ಹ್ಯೂರಿಸ್ಟ್ ಬಗ್ಗೆ ಹೇಳಿದಳು. ಅದು ಹುಟ್ಟಿದ್ದೇ ಅವಳ ಊರಿನಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿ, 2005ರಲ್ಲಿ. ಶುರು ಮಾಡಿದವರು ಇಯಾನ್ ಜಾನ್ಸನ್. ಅವರು ಪುರಾತತ್ವದವರು. ಈ ಒಂದು ಸಂಗತಿ ಇಡೀ ತಂತ್ರಾಂಶದಲ್ಲಿ ಎದ್ದು ಕಾಣುತ್ತದೆ, ಅದಕ್ಕೆ ಮುಂದೆ ಬರುತ್ತೇನೆ. ಓಪನ್ ಸೋರ್ಸ್, ದುಡ್ಡಿಲ್ಲ. ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಂಶೋಧಕರಿಗೆ ಉಚಿತವಾಗಿ ಜಾಗ ಕೊಡುವ ಸರ್ವರ್‌ಗಳಿವೆ, ಬೇಕಿದ್ದರೆ ನಮ್ಮದೇ ಸರ್ವರ್‌ನಲ್ಲೂ ಹಾಕಿಕೊಳ್ಳಬಹುದು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1915ರಿಂದ 1930ರವರೆಗೆ ಜನ ದಿನನಿತ್ಯ ಹೇಗೆ ಬದುಕಿದರು ಅಂತ ನಕ್ಷೆಯ ಮೇಲೆ ತೋರಿಸುವ ‘ಡಿಜಿಟಲ್ ಹಾರ್ಲೆಮ್’ ಯೋಜನೆ ಇದನ್ನೇ ಬಳಸಿತ್ತು. ಸಿಡ್ನಿ ನಗರದ ಚರಿತ್ರೆಯ ‘ಡಿಕ್ಷನರಿ ಆಫ್ ಸಿಡ್ನಿ’ಯೂ ಇದರ ಮೇಲೇ ಕಟ್ಟಿದ್ದು.

ಸರಿ, ಲಾಗಿನ್ ಆದೆವು. ಮೊದಲ ದಿನದ ಅನಿಸಿಕೆ ಹೇಳಲಾ? ವಿಮಾನದ ಕಾಕ್‌ಪಿಟ್‌ಗೆ ಹಳ್ಳಿಯ ಟ್ರಾಕ್ಟರ್ ಡ್ರೈವರನ್ನು ಕೂರಿಸಿದ ಹಾಗಾಯಿತು. ಎಡಗಡೆ ಡಿಸೈನ್, ಪಾಪ್ಯುಲೇಟ್, ಎಕ್ಸ್‌ಪ್ಲೋರ್, ಪಬ್ಲಿಷ್, ಅಡ್ಮಿನ್ ಅಂತ ಮೆನುಗಳು, ಒಂದೊಂದರ ಒಳಗೆ ಮರಿ ಮೆನುಗಳು. ಎಲ್ಲ ಇಂಗ್ಲಿಷ್. ನಾನು ಒಂದು ಗಂಟೆ ಒದ್ದಾಡಿ ಮುಚ್ಚಿಟ್ಟು ಅಡಿಗೆಮನೆಗೆ ಹೋದೆ. ಪಿಎಚ್‌ಡಿ ಹುಡುಗ ಮಾತ್ರ ಬಿಡಲಿಲ್ಲ, ಎರಡು ರಾತ್ರಿ ಕೂತು ನಮಗೆಲ್ಲ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆದುಕೊಟ್ಟ. ಹಾಗಾಗಿ ಮೊದಲ ಸಲಹೆ ಇದು. ನಿಮ್ಮ ಗುಂಪಿನಲ್ಲಿ ಇಂಥ ಒಬ್ಬರು ಇಲ್ಲ ಅಂದರೆ ಇದರ ಸಹವಾಸಕ್ಕೆ ಹೋಗಬೇಡಿ.

ಇದರ ಒಳಗುಟ್ಟು ಏನು ಅಂದರೆ, ಸ್ಪ್ರೆಡ್‌ಶೀಟ್‌ನಲ್ಲಿ ಇರುವುದು ಸಾಲು ಮತ್ತು ಕಾಲಮ್, ಇಲ್ಲಿ ಇರುವುದು ವಸ್ತುಗಳು ಮತ್ತು ಅವುಗಳ ನಡುವಿನ ನಂಟು. ವ್ಯಕ್ತಿ ಒಂದು ಬಗೆಯ ದಾಖಲೆ, ಸ್ಥಳ ಇನ್ನೊಂದು, ಕಲ್ಲು ಮತ್ತೊಂದು. ಕಲ್ಲಿನ ದಾಖಲೆಯಲ್ಲಿ ಊರಿನ ಹೆಸರು ಬರೆಯುವುದಿಲ್ಲ, ಊರಿನ ದಾಖಲೆಗೆ ಕೊಂಡಿ ಹಾಕುತ್ತೇವೆ. ಊರಿನ ಹೆಸರು ಒಂದು ಕಡೆ ತಿದ್ದಿದರೆ ಆ ಊರಿನ ಅಷ್ಟೂ ಕಲ್ಲಿಗೆ ಅನ್ವಯ. ಡೇಟಾಬೇಸ್ ಗೊತ್ತಿರುವವರು ಇದೇನು ದೊಡ್ಡ ವಿಷಯ ಅನ್ನಬಹುದು. ನಮ್ಮಂಥವರಿಗೆ ದೊಡ್ಡದೇ. ಯಾಕೆಂದರೆ ಇದನ್ನೆಲ್ಲ ಒಂದು ಸಾಲು ಕೋಡ್ ಬರೆಯದೆ, ಮೌಸ್‌ನಲ್ಲೇ ಕಟ್ಟಬಹುದು. ಕಟ್ಟಿ, ಸಾವಿರ ದಾಖಲೆ ತುಂಬಿದ ಮೇಲೆ, ‘ಅಯ್ಯೋ, ಈ ಫೀಲ್ಡ್ ಮರೆತೆವಲ್ಲ’ ಅಂದರೆ ಆಗಲೂ ಸೇರಿಸಬಹುದು. ಒಳಗಿರುವ ಮಾಹಿತಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಸಂಸಾರ ಮಾಡುತ್ತಲೇ ಗೋಡೆ ಸರಿಸುವ ಹಾಗೆ.

ಆದರೆ ಕಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು. ನಿಮ್ಮ ‘ಒಂದು’ ಅಂದರೆ ಏನು?

ಸುಲಭದ ಪ್ರಶ್ನೆ ಅನಿಸುತ್ತೆ, ಅಲ್ವಾ? ನಮಗೂ ಅನಿಸಿತ್ತು. ಆತಕೂರಿನ ಕಲ್ಲನ್ನೇ ತಗೊಳ್ಳಿ. ಕಲ್ಲು ಒಂದು. ಅದರ ಮೇಲೆ ಸಂಗತಿ ಎರಡು. ಒಂದು ಕಡೆ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಕಾಳಗ, ಕೃಷ್ಣನ ಕಡೆಯ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಅವನಿಗೆ ನಾಡುಗಳು ಸಿಕ್ಕಿದ್ದು. ಇನ್ನೊಂದು ಕಡೆ ಮಣಲೆರ ಬೂತುಗನಿಂದ ಕಾಳಿಯನ್ನು ಬೇಡಿ ಪಡೆದದ್ದು, ನಾಯಿ ಹಂದಿಯ ಮೇಲೆ ಬಿದ್ದದ್ದು. ಇದು ಒಂದು ದಾಖಲೆಯಾ, ಎರಡಾ? ಮೇಷ್ಟ್ರು ಎರಡು ಅಂದರು. ನಾನು ಒಂದು ಅಂದೆ. ಪಿಎಚ್‌ಡಿ ಹುಡುಗ ಮೂರು ಅಂದ: ಕಲ್ಲು ಬೇರೆ, ಪಾಠ (ಕಲ್ಲಿನ ಮೇಲಿನ ಬರಹ) ಬೇರೆ, ಪಾಠ ಹೇಳುವ ಘಟನೆ ಬೇರೆ. ಕೊನೆಗೆ ಹುಡುಗನ ಮಾತೇ ಗೆದ್ದಿತು. ಕಲ್ಲು ಅನ್ನುವುದು ಒಂದು ಬಗೆ, ಶಾಸನಪಾಠ ಇನ್ನೊಂದು, ಘಟನೆ ಮತ್ತೊಂದು. ಒಂದು ಕಲ್ಲಿನಿಂದ ಎಷ್ಟು ಪಾಠಕ್ಕೆ ಬೇಕಾದರೂ ಕೊಂಡಿ, ಒಂದು ಪಾಠದಿಂದ ಎಷ್ಟು ಘಟನೆಗೆ ಬೇಕಾದರೂ ಕೊಂಡಿ. ಅಕ್ಷರವೇ ಇಲ್ಲದ ವೀರಗಲ್ಲುಗಳಿಗೂ ಇದರಿಂದ ಜಾಗ ಸಿಕ್ಕಿತು. ಸ್ಪ್ರೆಡ್‌ಶೀಟ್‌ನಲ್ಲಿ ಅವು ಅರ್ಧ ಖಾಲಿ ಸಾಲುಗಳಾಗಿ ಅನಾಥರ ಹಾಗೆ ಬಿದ್ದಿದ್ದವು.

ನನಗೆ ಈ ತಂತ್ರಾಂಶ ಇಷ್ಟವಾಗಿದ್ದು ಇಲ್ಲೇ. ಶೀಟ್ ನಮ್ಮನ್ನು ಜಗಳ ಆಡಲು ಬಿಡುತ್ತಲೇ ಇರಲಿಲ್ಲ. ಅವರವರಿಗೆ ತೋಚಿದ್ದನ್ನು ತುಂಬಿಕೊಂಡು ಹೋಗಬಹುದಿತ್ತು. ಮೇಷ್ಟ್ರ ‘ಕಾಲ’ ಅಂದರೆ ಕಲ್ಲು ನೆಟ್ಟ ಕಾಲ, ನನ್ನ ‘ಕಾಲ’ ಅಂದರೆ ಕಾಳಗ ನಡೆದ ಕಾಲ. ಒಂದೇ ಕಾಲಮ್‌ನಲ್ಲಿ ಒಂದು ವರ್ಷ ಇಬ್ಬರೂ ನೆಮ್ಮದಿಯಾಗಿ ಬೇರೆ ಬೇರೆ ಅರ್ಥ ಇಟ್ಟುಕೊಂಡು ಬರೆದಿದ್ದೇವೆ! ಇಲ್ಲಿ ಫೀಲ್ಡ್ ಮಾಡುವಾಗಲೇ ಅದರ ಪಕ್ಕದಲ್ಲಿ ವಿವರಣೆ ಬರೆಯಬೇಕು. ಬರೆಯಲು ಕೂತಾಗ ಗೊತ್ತಾಯಿತು, ನಾವು ಒಂದೇ ಕೆಲಸ ಮಾಡುತ್ತಿರಲಿಲ್ಲ ಅಂತ.

ಕಾಲದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖು ತಾರೀಖೇ ಅಲ್ಲ, ಬರೀ ಅಕ್ಷರ. ಗಂಗರ ಕಾಲದ ಕೆಲಸಕ್ಕೆ ಅದನ್ನು ಇಟ್ಟುಕೊಂಡು ಏನು ಮಾಡುವುದು! ಹ್ಯೂರಿಸ್ಟ್ ಕಟ್ಟಿದವರು ಪುರಾತತ್ವದವರು ಅಂದೆನಲ್ಲ. ಇಲ್ಲಿ ತಾರೀಖು ಅಂದರೆ ಒಂದೇ ದಿನ ಆಗಬೇಕಿಲ್ಲ. ‘ಸುಮಾರು’ ಅನ್ನಬಹುದು, ‘ಇಲ್ಲಿಂದ ಇಲ್ಲಿಯವರೆಗೆ ಯಾವಾಗಲೋ’ ಅನ್ನಬಹುದು. ಲಿಪಿ ನೋಡಿ ಒಂಬತ್ತನೇ ಶತಮಾನ ಅಂತ ಅಂದಾಜು ಮಾಡಿದ ಕಲ್ಲನ್ನೂ, ವರ್ಷ ಖಚಿತವಾಗಿರುವ ಕಲ್ಲನ್ನೂ ಒಂದೇ ಕಾಲರೇಖೆಯ ಮೇಲೆ ಇಟ್ಟು ನೋಡಬಹುದು. ಮೊದಲನೆಯದು ಉದ್ದ ಪಟ್ಟಿಯಾಗಿ ಕಾಣುತ್ತೆ, ಎರಡನೆಯದು ಚುಕ್ಕಿಯಾಗಿ.

ಆದರೆ ಶಕವರ್ಷವನ್ನೂ ಸಂವತ್ಸರವನ್ನೂ ಅದಕ್ಕೇ ಬಿಟ್ಟುಬಿಡುವ ಹಾಗಿಲ್ಲ, ಆ ಲೆಕ್ಕ ನಮ್ಮದೇ. ಮತ್ತೆ ಆತಕೂರಿಗೇ ಬನ್ನಿ. ಶಾಸನದಲ್ಲಿ ಶಕ 872, ಸೌಮ್ಯ ಸಂವತ್ಸರ ಅಂತಿದೆ. ಶಕಕ್ಕೆ 78 ಕೂಡಿಸಿದರೆ 950 ಬರುತ್ತದೆ. ಸೌಮ್ಯ ಸಂವತ್ಸರ ಬರುವುದು 949-50ರಲ್ಲಿ. ಅಂದರೆ 872 ಅನ್ನುವುದು ಆಗಲೇ ಮುಗಿದಿದ್ದ ವರ್ಷಗಳ ಎಣಿಕೆಯಲ್ಲ, ಆಗ ನಡೆಯುತ್ತಿದ್ದ ವರ್ಷದ ಸಂಖ್ಯೆ; 78 ಕೂಡಿಸುವ ಲೆಕ್ಕ ಮುಗಿದ ವರ್ಷಗಳಿಗೆ. ಬರೀ ಕೂಡಿಸಿ 950 ಅಂತ ಬರೆದು ಮುಂದೆ ಹೋಗಿದ್ದರೆ ಒಂದು ವರ್ಷದ ತಪ್ಪು ಶಾಶ್ವತವಾಗಿ ಕೂತಿರುತ್ತಿತ್ತು. ಅದಕ್ಕೆ ನಾವು ನಾಲ್ಕು ಫೀಲ್ಡ್ ಮಾಡಿದೆವು: ಶಾಸನದಲ್ಲಿ ಇದ್ದದ್ದು ಇದ್ದ ಹಾಗೆ, ಶಕವರ್ಷ, ಸಂವತ್ಸರ, ನಾವು ತೀರ್ಮಾನಿಸಿದ ಕ್ರಿಸ್ತಶಕ. ಸಂವತ್ಸರಕ್ಕೆ ಅರವತ್ತೂ ಹೆಸರಿನ ಪಟ್ಟಿ ಮಾಡಿಟ್ಟರೆ ಸಾಕು, ಆರಿಸಿಕೊಂಡರಾಯಿತು, ಟೈಪ್ ಮಾಡುವ ತಪ್ಪು ಇಲ್ಲ. ಆ ಅರವತ್ತನ್ನು ಬ್ಯಾಂಕ್ ಸರ್ ಪಂಚಾಂಗವನ್ನೂ ನೋಡದೆ ಪಟಪಟ ಹೇಳಿದರು, ನಾನು ಟೈಪ್ ಮಾಡಿದೆ.

ಈ ಪಟ್ಟಿ ಮಾಡುವ ಸೌಲಭ್ಯದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಇನ್ನೊಂದು, ಹೀಗೆ ಮರದ ಹಾಗೆ ಮಾಡಬಹುದು. ‘ಸಾವಿನ ಕಾರಣ’ ಅಂತ ಒಂದು ಮರ ಮಾಡಿದೆವು. ಕಾಳಗದ ಕೊಂಬೆಯಲ್ಲಿ ತುರುಗೊಳ್, ಊರಳಿವು (ಊರಿನ ಮೇಲೆ ಬಿದ್ದ ದಾಳಿ), ಪೆಣ್ಬುಯ್ಯಲ್ (ಹೆಂಗಸರ ರಕ್ಷಣೆಗೆ ನಡೆದ ಕಾಳಗ). ಬೇಟೆಯ ಕೊಂಬೆಯಲ್ಲಿ ಹುಲಿ, ಹಂದಿ. ‘ಕಾಳಗ’ ಅಂತ ಹುಡುಕಿದರೆ ಅದರ ಕೆಳಗಿನದೆಲ್ಲ ಬರುತ್ತದೆ, ‘ತುರುಗೊಳ್’ ಅಂದರೆ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರು ಮಾತ್ರ. ಹೀಗೆ ಸೋಸಿ ಸೋಸಿ ನೋಡುವುದು ಈ ತಂತ್ರಾಂಶದ ಜೀವ. ಎಡಗಡೆ ತಾಲ್ಲೂಕು, ಶತಮಾನ, ಸಾವಿನ ಕಾರಣ ಅಂತ ಜರಡಿಗಳನ್ನು ಇಟ್ಟುಕೊಂಡರೆ ಕ್ಲಿಕ್ ಮಾಡಿದ ಹಾಗೆಲ್ಲ ಬಲಗಡೆ ಪಟ್ಟಿಯೂ ನಕ್ಷೆಯೂ ಕುಗ್ಗುತ್ತಾ ಬರುತ್ತವೆ. ಮೊದಲ ಸಲ ತುರುಗೊಳ್ ಕಲ್ಲುಗಳನ್ನು ಮಾತ್ರ ನಕ್ಷೆಯ ಮೇಲೆ ಬಿಟ್ಟಾಗ ನಾವು ಐದೂ ಜನ ವಿಡಿಯೋ ಕಾಲ್‌ನಲ್ಲಿ ಸುಮ್ಮನಾಗಿಬಿಟ್ಟೆವು. ನಾವೇ ಓಡಾಡಿ ಮುಟ್ಟಿ ನೋಡಿದ ಕಲ್ಲುಗಳು, ಅವು ಒಂದು ಹಳೆಯ ಹುಲ್ಲುಗಾವಲಿನ ಅಂಚಿನಲ್ಲೇ ಸಾಲಾಗಿ ಇವೆ ಅಂತ ಯಾರಿಗೂ ಹೊಳೆದಿರಲಿಲ್ಲ.

ನಕ್ಷೆ ಅಂದಮೇಲೆ ಸ್ಥಳದ ಗೋಳು. ಮಾಗಡಿಯನ್ನೇ ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಮಾಗಡಿಯ ಶಾಸನಗಳು ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿವೆ, ಅದು 1905ರದು. 1986ರಲ್ಲಿ ಮಾಗಡಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ರಾಮನಗರ ಜಿಲ್ಲೆಗೆ. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು. ಕಲ್ಲು ಮಾತ್ರ ಒಂದಿಂಚೂ ಅಲುಗಿಲ್ಲ. ಶೀಟಿನಲ್ಲಿ ‘ಜಿಲ್ಲೆ’ ಅನ್ನುವ ಕಾಲಮ್‌ನಲ್ಲಿ ಏನು ಬರೆಯುತ್ತೀರಿ? ಇಲ್ಲಿ ಊರಿನ ದಾಖಲೆಯೊಳಗೆ ಜಿಲ್ಲೆಗೆ ಕೊಂಡಿ ಹಾಕಿ, ಆ ಕೊಂಡಿಗೇ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಅಂತ ಕಾಲ ಕೊಡಬಹುದು. ನಂಟಿಗೂ ಆಯಸ್ಸು ಇದೆ. ಕಲ್ಲಿಗೂ ಹಾಗೇ ಎರಡು ಸ್ಥಳ ಇಟ್ಟೆವು, ಸಿಕ್ಕಿದ ಜಾಗ ಮತ್ತು ಈಗಿರುವ ಜಾಗ. ಇಲ್ಲದಿದ್ದರೆ ಕಾಳಿ ಹಂದಿ ಬೇಟೆಯಾಡಿದ್ದು ಕಸ್ತೂರಬಾ ರಸ್ತೆಯಲ್ಲಿ ಅಂತ ನಕ್ಷೆ ತೋರಿಸುತ್ತಿತ್ತು.

ಶಾಸನದ ನಂಬರ್‌ಗಳದ್ದೂ ಇದೇ ಕಥೆ. ರೈಸ್ ಸಂಪುಟದಲ್ಲಿ ಒಂದು ನಂಬರ್, ಮೈಸೂರು ವಿಶ್ವವಿದ್ಯಾಲಯ 1972ರಿಂದ ತಂದ ಪರಿಷ್ಕೃತ ಸಂಪುಟಗಳಲ್ಲಿ ಇನ್ನೊಂದು. ಒಂದೇ ಫೀಲ್ಡನ್ನು ಎಷ್ಟು ಸಲ ಬೇಕಾದರೂ ತುಂಬಬಹುದು ಅನ್ನುವುದು ಇಲ್ಲಿ ಉಪಯೋಗಕ್ಕೆ ಬಂತು. ಪುಸ್ತಕ, ಲೇಖನಗಳ ಪಟ್ಟಿಯನ್ನು ಮಾತ್ರ ನಾವು ಆಕರಗಳ ಪಟ್ಟಿಗೆಂದೇ ಇರುವ ತಂತ್ರಾಂಶ ಜೊಟೆರೊದಲ್ಲೇ ಇಟ್ಟುಕೊಂಡಿದ್ದೇವೆ. ಗುಂಪಾಗಿ ಬಳಸಲು ಅದು ಎಷ್ಟೋ ಸಲೀಸು, ಅಲ್ಲಿಂದ ಹ್ಯೂರಿಸ್ಟ್‌ಗೆ ಎಳೆದುಕೊಳ್ಳಲೂ ದಾರಿ ಇದೆ. ಜೊಟೆರೊದಲ್ಲಿ ಪಿಡಿಎಫ್ ಇಡಲು ಉಚಿತ ಜಾಗ 300 ಎಂಬಿ, ಸ್ಕ್ಯಾನ್ ಮಾಡಿದ ಹಳೆಯ ಸಂಪುಟ ಎರಡು ಮೂರು ಹಾಕಿದರೆ ಮುಗಿಯಿತು. ಗುಂಪಿನ ಫೈಲೆಲ್ಲ ಗುಂಪಿನ ಮಾಲೀಕರ ಲೆಕ್ಕಕ್ಕೇ ಬೀಳುತ್ತದೆ ಅನ್ನುವುದು ನೆನಪಿರಲಿ.

ಈಗ ಕಷ್ಟಗಳಿಗೆ ಬರೋಣ.

ಮೊದಲನೆಯದು, ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ. ವೀರಗಲ್ಲುಗಳು ಇರುವುದು ಕೆರೆ ಏರಿಯ ಹಿಂದೆ, ಹೊಲದ ಬದುವಿನಲ್ಲಿ, ನೀಲಗಿರಿ ತೋಪಿನ ನಡುವೆ. ಅಲ್ಲಿ ನೆಟ್‌ವರ್ಕ್ ಸಿಕ್ಕರೆ ಅದೇ ಒಂದು ಶಾಸನ ಸಿಕ್ಕಷ್ಟು ಖುಷಿ. ಅದಕ್ಕೆ ನಾವು ಬಯಲಿನಲ್ಲಿ ಕೋಬೋ ಟೂಲ್‌ಬಾಕ್ಸ್ ಬಳಸುತ್ತೇವೆ. ನೆರೆ, ಬರ, ಯುದ್ಧದಂಥ ಕಡೆ ಪರಿಹಾರ ಕೆಲಸ ಮಾಡುವವರಿಗಾಗಿ ಬೆಳೆದ ಸಾಧನ ಅದು. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡದಲ್ಲೇ ಪ್ರಶ್ನೆಗಳಿರುವ ಫಾರಂ ಹಾಕಿಟ್ಟುಕೊಂಡು, ಫೋಟೋ ತೆಗೆದು, ಜಾಗ ಗುರುತಿಸಿ ಉಳಿಸಿದರೆ, ಊರಿಗೆ ಬಂದಮೇಲೆ ನೆಟ್‌ವರ್ಕ್ ಸಿಕ್ಕಾಗ ಅದು ಹೋಗುತ್ತದೆ. ಬ್ಯಾಂಕ್ ಸರ್ ಇದನ್ನು ಹತ್ತು ನಿಮಿಷದಲ್ಲಿ ಕಲಿತರು. ಅಲ್ಲಿಂದ ಸಿಎಸ್‌ವಿ (ಸಾಲು-ಕಾಲಮ್‌ಗಳ ಸರಳ ಪಠ್ಯ ಫೈಲು) ತೆಗೆದು ಹ್ಯೂರಿಸ್ಟ್‌ಗೆ ಹಾಕುತ್ತೇವೆ.

ಈ ‘ಹಾಕುತ್ತೇವೆ’ ಅನ್ನುವುದೇ ಎರಡನೇ ಕಷ್ಟ. ಹ್ಯೂರಿಸ್ಟ್‌ನ ಇಂಪೋರ್ಟ್ ಒಂದೇ ಏಟಿಗೆ ಮುಗಿಯುವ ಕೆಲಸವಲ್ಲ. ಮೊದಲು ಊರುಗಳನ್ನು ಹೊಂದಿಸಬೇಕು, ಆಮೇಲೆ ವ್ಯಕ್ತಿಗಳನ್ನು, ಆಮೇಲೆ ಕಲ್ಲುಗಳನ್ನು. ಒಂದೊಂದು ಹಂತದಲ್ಲೂ ‘ಇದು ಹಳೆಯದೇ, ಹೊಸದಾ?’ ಅಂತ ಕೇಳುತ್ತದೆ. ಕೇಳುವುದು ಸರಿಯೇ, ಆದರೆ ಅಭ್ಯಾಸ ಆಗುವವರೆಗೆ ಪ್ರಾಣ ತಿನ್ನುತ್ತದೆ. ನಮ್ಮಲ್ಲಿ ಈ ಕೆಲಸ ಈಗಲೂ ಇಬ್ಬರೇ ಮಾಡುವುದು.

ಮೂರನೆಯದು ಕನ್ನಡದ್ದೇ ಕಷ್ಟ, ತಂತ್ರಾಂಶವನ್ನು ಬೈದು ಪ್ರಯೋಜನ ಇಲ್ಲ. ಕನ್ನಡ ಅಕ್ಷರ ಚೆನ್ನಾಗಿಯೇ ತಗೊಳ್ಳುತ್ತದೆ, ಫೀಲ್ಡ್‌ಗಳ ಹೆಸರನ್ನೂ ನಾವು ಕನ್ನಡದಲ್ಲೇ ಇಟ್ಟಿದ್ದೇವೆ. ಹಳಗನ್ನಡದ ಱ, ೞ ಎರಡೂ ಯೂನಿಕೋಡ್‌ನಲ್ಲಿವೆ, ಹಾಗಾಗಿ ಪಾಠವನ್ನು ಇದ್ದ ಹಾಗೇ ಬರೆಯಬಹುದು. ತೊಂದರೆ ಬರುವುದು ಹಳೆಯ ಫೈಲುಗಳಿಂದ. ಮೇಷ್ಟ್ರ ಹದಿನೈದು ವರ್ಷದ ಟಿಪ್ಪಣಿ ಎಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ. ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಪರಿವರ್ತಕಕ್ಕೆ ಹಾಕಿ ತಂದರೂ ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ಶತ್ರು. ಕೆ.ಆರ್. ಪೇಟೆ ಅಂತ ನಮ್ಮ ಊರುಗಳ ಪಟ್ಟಿಯಲ್ಲಿ ನಾಲ್ಕು ಸಲ ಬಂದಿತ್ತು. ಒಂದರಲ್ಲಿ ಚುಕ್ಕಿಯ ಪಕ್ಕ ಜಾಗ ಬಿಟ್ಟಿದೆ, ಒಂದರಲ್ಲಿ ಬಿಟ್ಟಿಲ್ಲ, ಒಂದು ಕೃಷ್ಣರಾಜಪೇಟೆ, ಸರಿ. ನಾಲ್ಕನೆಯದು ಎರಡನೆಯದರ ಹಾಗೇ ಇದೆ, ಅಕ್ಷರಕ್ಕೆ ಅಕ್ಷರ. ಆದರೂ ಬೇರೆ ಅನ್ನುತ್ತದೆ! ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ‘ರ್’ ಆದಮೇಲೆ ಒಂದರಲ್ಲಿ ಕಾಣದ ಜೋಡಣೆ-ತಡೆ ಅಕ್ಷರ ಇದೆ, ಯಾವುದೋ ಸುದ್ದಿಯಿಂದ ಕಾಪಿ ಮಾಡಿದಾಗ ಬಂದದ್ದು. ಹ್ಯೂರಿಸ್ಟ್‌ನಲ್ಲಿ ಹೋಲುವ ದಾಖಲೆಗಳನ್ನು ಹುಡುಕಿ ಒಂದು ಮಾಡುವ ಸೌಲಭ್ಯ ಇದೆ, ಅದರಿಂದ ಬಚಾವಾದೆವು. ಈಗ ನಮ್ಮ ನಿಯಮ, ಊರಿನ ಹೆಸರನ್ನು ಯಾರೂ ಎಲ್ಲಿಂದಲೂ ಅಂಟಿಸುವ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು.

ಯಾರು ಏನು ನೋಡಬಹುದು, ಯಾರು ತಿದ್ದಬಹುದು ಅನ್ನುವ ವ್ಯವಸ್ಥೆ ಚೆನ್ನಾಗಿದೆ. ಒಳಗೆ ಗುಂಪುಗಳನ್ನು ಮಾಡಬಹುದು, ಒಂದೊಂದು ದಾಖಲೆಗೂ ಒಡೆತನ ಇದೆ, ಎಲ್ಲರಿಗೂ ಕಾಣಬೇಕಾ ಲಾಗಿನ್ ಆದವರಿಗೆ ಮಾತ್ರ ಸಾಕಾ ಅಂತ ಹೇಳಬಹುದು. ನಮಗೆ ಇದು ಬರೀ ಅಚ್ಚುಕಟ್ಟಿನ ವಿಷಯ ಅಲ್ಲ. ಊರಾಚೆ ಒಂಟಿಯಾಗಿರುವ ಕಲ್ಲಿನ ಜಾಗವನ್ನು ಮೀಟರ್ ಲೆಕ್ಕದಲ್ಲಿ ಜಗತ್ತಿಗೆ ತೋರಿಸಿದರೆ ನಾಳೆ ಅದರ ಬುಡದಲ್ಲಿ ನಿಧಿಗಳ್ಳರು ಗುಂಡಿ ತೋಡಿರುತ್ತಾರೆ. ಅಂಥ ಕಲ್ಲುಗಳು ಗುಂಪಿನೊಳಗೇ ಇವೆ. ಊರ ದೇವಸ್ಥಾನದ ಅಂಗಳದಲ್ಲಿ, ಎಲ್ಲರ ಕಣ್ಣೆದುರು ಇರುವುದನ್ನು ಮಾತ್ರ ತೆರೆದಿಟ್ಟಿದ್ದೇವೆ. ಅದಕ್ಕೆ ಬೇಕಾದ ವೆಬ್‌ಸೈಟನ್ನೂ ಹ್ಯೂರಿಸ್ಟ್ ಒಳಗಿನಿಂದಲೇ ಕಟ್ಟಿಕೊಳ್ಳಬಹುದು. ಚೆಂದ ಅಂತ ಹೇಳಲಾರೆ, ಸರ್ಕಾರಿ ಕಚೇರಿಯ ಸೂಚನಾ ಫಲಕದ ಹಾಗೆ ಕಾಣುತ್ತೆ ನಮ್ಮದು. ಕೆಲಸಕ್ಕೆ ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿರುವುದನ್ನು ನೋಡಿದವರಿಗೆ ನಮ್ಮದು ಬಡವರ ಮನೆ ಅನಿಸಬಹುದು, ಬಡವರದೇ.

ಬೇರೆ ಯಾವುದನ್ನು ನೋಡಬಹುದು ಅಂತ ಕೇಳುವವರಿಗೆ ಎರಡು ಮಾತು. ನೆದರ್ಲೆಂಡ್ಸ್‌ನ ನೋಡ್‌ಗೋಟ್ ಇದೇ ಬಗೆಯದು, ನೋಡಲು ಇದಕ್ಕಿಂತ ಚೆಂದ, ನಂಟುಗಳನ್ನು ಬಲೆಯ ಹಾಗೆ ತೋರಿಸುವುದರಲ್ಲಿ ಅದೇ ಮುಂದು. ವೈದ್ಯಕೀಯ ಸಂಶೋಧನೆಯವರು ರೆಡ್‌ಕ್ಯಾಪ್ ಬಳಸುತ್ತಾರೆ, ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾದದ್ದು. ಅದಕ್ಕೆ ಸಂಸ್ಥೆಯೇ ಒಪ್ಪಂದ ಮಾಡಿಕೊಳ್ಳಬೇಕು, ನಮ್ಮಂಥ ಬಿಡಿ ಜನಕ್ಕೆ ಅಲ್ಲ. ಇಬ್ಬರೇ ಇದ್ದೀರಿ, ಇನ್ನೂರು ದಾಖಲೆ ಇದೆ ಅಂದರೆ ಇದ್ಯಾವುದೂ ಬೇಡ, ಗೂಗಲ್ ಶೀಟ್ ಸಾಕು. ಸಾರ್ಟ್ ಮಾಡುವಾಗ ಮಾತ್ರ ಇಡೀ ಶೀಟ್ ಆರಿಸಿಕೊಳ್ಳಿ.

ನಮ್ಮ ಅಂಕ ಐದಕ್ಕೆ ನಾಲ್ಕು. ಮೇಷ್ಟ್ರನ್ನು ಕೇಳಿದರೆ ಮೂರು ಅಂತಾರೆ, ಅವರಿಗೆ ಮೌಸ್ ಕಂಡರೇ ಆಗುವುದಿಲ್ಲ. ಅವರು ಕಾಗದದಲ್ಲಿ ಬರೆದು ಫೋಟೋ ಕಳಿಸುತ್ತಾರೆ, ಹುಡುಗ ತುಂಬುತ್ತಾನೆ. ಹೊರಗೆ ತೆಗೆಯುವ ದಾರಿ ತೆರೆದಿದೆ ಅನ್ನುವುದಕ್ಕೇ ನಾನು ಅರ್ಧ ಅಂಕ ಜಾಸ್ತಿ ಕೊಟ್ಟಿದ್ದೇನೆ. ಸಿಎಸ್‌ವಿ, ಎಕ್ಸ್‌ಎಂಎಲ್, ಇಡೀ ಡೇಟಾಬೇಸಿನ ಕಟ್ಟು, ಯಾವುದು ಬೇಕಾದರೂ ಇಳಿಸಿಕೊಳ್ಳಬಹುದು. ಪ್ರತಿ ತಿಂಗಳ ಒಂದನೇ ತಾರೀಖು ಬ್ಯಾಂಕ್ ಸರ್ ಅದನ್ನು ಇಳಿಸಿ ಎರಡು ಹಾರ್ಡ್ ಡಿಸ್ಕಿನಲ್ಲಿ ಇಡುತ್ತಾರೆ. ಒಂದು ಅವರ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಇನ್ನೊಂದು ಮಗಳ ಮನೆಯಲ್ಲಿ.

ಕಾಳಿಯ ವಿಷಯ ಏನಾಯಿತು ಅಂತ ಹೇಳಲೇ ಇಲ್ಲ. ನಾನು ‘ವ್ಯಕ್ತಿ’ ಅಂತಲೇ ಇರಲಿ ಅಂದೆ. ಹೆಸರಿದೆ, ಕಾದು ಸತ್ತಿದೆ, ಅದರ ಹೆಸರಿನಲ್ಲಿ ಕಲ್ಲಿದೆ, ಭೂಮಿ ಇದೆ, ಇನ್ನೇನು ಬೇಕು? ಮೇಷ್ಟ್ರು ಒಪ್ಪಲಿಲ್ಲ, “ನಾಳೆ ಎಷ್ಟು ವ್ಯಕ್ತಿಗಳು ಬೇಟೆಯಲ್ಲಿ ಸತ್ತರು ಅಂತ ಯಾರಾದರೂ ಎಣಿಸಿದರೆ ನಿಮ್ಮ ನಾಯಿಯನ್ನೂ ಎಣಿಸುತ್ತಾರಮ್ಮಾ” ಅಂದರು. ಅದೂ ನಿಜ. ಕೊನೆಗೆ ‘ಪ್ರಾಣಿ’ ಅಂತ ಹೊಸ ಬಗೆ ಮಾಡಿದೆವು, ಹೆಸರು ಕಡ್ಡಾಯ ಅಂತ ಇಟ್ಟೆವು, ಕಾಳಿಯನ್ನು ಅಲ್ಲಿಗೆ ಸಾಗಿಸಿದೆವು. ಮಾರನೇ ದಿನ ಬೆಳಿಗ್ಗೆ ಆರಕ್ಕೇ ಬ್ಯಾಂಕ್ ಸರ್ ಫೋನ್. ಹಂದಿಯನ್ನೂ ಸೇರಿಸೋಣ ಅಂತ ಕೂತರೆ ಹೆಸರಿಲ್ಲದೆ ಸೇವ್ ಆಗುತ್ತಿಲ್ಲವಂತೆ. “ಅದೂ ಅಲ್ಲೇ ಸತ್ತಿದ್ದಲ್ವೇನಮ್ಮಾ, ಅದನ್ನು ಬಿಟ್ಟರೆ ಲೆಕ್ಕ ತಾಳೆ ಆಗೋದು ಹೇಗೆ?” ಅಂದರು. ಡಿಸೈನ್‌ಗೆ ಹೋಗಿ ‘ಕಡ್ಡಾಯ’ ಅನ್ನುವುದನ್ನು ತೆಗೆದು ‘ಇದ್ದರೆ ಒಳ್ಳೆಯದು’ ಅಂತ ಬದಲಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.